ಅಧಿಕ ರಕ್ತದೊತ್ತಡ: ಮಾತ್ರೆಯ ಜಾಗದಲ್ಲಿ ಸರ್ಪಗಂಧದ ಬೇರು ನಿಲ್ಲಬಲ್ಲದೇ?

ವಿಷಯ ಆರಂಭಿಸಿದವರು

ನಮ್ಮ ತಂದೆಯವರಿಗೆ ಅರವತ್ತೆಂಟು ವರ್ಷ. ಅಧಿಕ ರಕ್ತದೊತ್ತಡಕ್ಕಾಗಿ ಬಹಳ ಕಾಲದಿಂದ ಅಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ಒತ್ತಡವೇನೋ ಹತೋಟಿಯಲ್ಲಿದೆ, ಆದರೆ ಸಂಜೆಯಾಗುತ್ತಿದ್ದಂತೆ ಎರಡೂ ಕಾಲುಗಳ ಹರಡು ಊದಿಕೊಳ್ಳುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಇದರಿಂದ ಬೇಸತ್ತಿರುವ ಅವರಿಗೆ ಬಂಧುಗಳೊಬ್ಬರು ಸರ್ಪಗಂಧದ ಬೇರಿನ ಪುಡಿಯನ್ನು ತಂದುಕೊಟ್ಟು, ಮಾತ್ರೆಗಳನ್ನು ಬಿಟ್ಟು ಇದನ್ನೇ ದಿನವೂ ಸೇವಿಸಿದರೆ ಸಾಕು, ಇದು ನಿಸರ್ಗದತ್ತವಾದದ್ದರಿಂದ ಅಡ್ಡಪರಿಣಾಮವೇ ಇಲ್ಲ ಎಂದು ಹೇಳಿದ್ದಾರೆ.

ಗಿಡಮೂಲಿಕೆಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ, ಹಾಗೆಂದು ಕುರುಡು ನಂಬಿಕೆಯೂ ಇಲ್ಲ. ಸರ್ಪಗಂಧ ನಿಜವಾಗಿ ರಕ್ತದೊತ್ತಡವನ್ನು ಇಳಿಸುತ್ತದೆಯೇ? ಇಳಿಸುವುದಾದರೆ ವೈದ್ಯರು ಅದನ್ನೇ ಏಕೆ ಬರೆದುಕೊಡುವುದಿಲ್ಲ? ಬೆಳ್ಳುಳ್ಳಿ, ಹೊಳೆಮತ್ತಿ ಮೊದಲಾದವುಗಳ ಬಗ್ಗೆಯೂ ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಔಷಧಶಾಸ್ತ್ರದ ಅಧ್ಯಾಪಕರೊಬ್ಬರ ಉತ್ತರ

ತಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಇಳಿಸುತ್ತದೆ. ರಕ್ತದೊತ್ತಡಕ್ಕೆಂದು ಹೆಸರಿಸಲಾಗುವ ಗಿಡಗಳ ಪೈಕಿ ಇಷ್ಟು ಖಚಿತವಾಗಿ ಕೆಲಸ ಮಾಡುವುದೆಂದು ಸಾಬೀತಾದದ್ದು ಇನ್ನೊಂದಿಲ್ಲ ಎಂದರೂ ತಪ್ಪಾಗದು. ಅದೇ ಕಾರಣಕ್ಕೆ ಅದನ್ನು ಪುಡಿಯ ರೂಪದಲ್ಲಿ ಅಂದಾಜಿನ ಮೇಲೆ ಸೇವಿಸಬಾರದು ಎಂದು ನಾನು ಹೇಳುತ್ತೇನೆ. ಈ ಎರಡು ಮಾತುಗಳು ಪರಸ್ಪರ ವಿರುದ್ಧವಲ್ಲ ಎಂಬುದು ಈ ಗಿಡದ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಹಳೆಯ ವೈದ್ಯ ಪರಂಪರೆಯಲ್ಲಿ ಸರ್ಪಗಂಧವನ್ನು ಹಾವಿನ ಕಡಿತಕ್ಕೆ, ಜ್ವರಕ್ಕೆ, ನಿದ್ರಾಹೀನತೆಗೆ ಮತ್ತು ಉನ್ಮಾದಕ್ಕೆ ಬಳಸುತ್ತಿದ್ದರು. ರಕ್ತದೊತ್ತಡಕ್ಕೆಂದು ಬಳಸುತ್ತಿದ್ದರು ಎನ್ನಲಾಗದು, ಏಕೆಂದರೆ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಉಪಕರಣವನ್ನು ಇಟಲಿಯ ರೀವಾ ರೊಚ್ಚಿ ರೂಪಿಸಿದ್ದು 1896ರಲ್ಲಿ, ಸ್ಟೆತಾಸ್ಕೋಪಿನಿಂದ ನಾಡಿಯ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕೋವ್ ತಿಳಿಸಿದ್ದು 1905ರಲ್ಲಿ. ಲಕ್ಷಣವೇ ತೋರದ ಈ ಸ್ಥಿತಿಯನ್ನು ಅದಕ್ಕಿಂತ ಮುಂಚೆ ಅಂಕಿಯಾಗಿ ಕಾಣುವ ದಾರಿಯೇ ಇರಲಿಲ್ಲ. ಹಾಗಾಗಿ ಯಾವುದೇ ಬೇರನ್ನು "ಸಾವಿರಾರು ವರ್ಷಗಳಿಂದ ಬಿ.ಪಿ.ಗೆ ಬಳಸುತ್ತಿದ್ದಾರೆ" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಸ್ವಲ್ಪ ತಡೆದು ಪರಿಶೀಲಿಸಬೇಕು.

1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರಿನ ಪುಡಿ ಉನ್ಮಾದವನ್ನು ಶಮನಗೊಳಿಸುವುದರ ಜೊತೆಗೆ ಏರಿದ ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ವರದಿ ಮಾಡಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಂಗಡಿಗರು ಬೇರಿನಿಂದ ಕೆಲವು ಕ್ಷಾರಾಭಗಳನ್ನು (ಆಲ್ಕಲಾಯ್ಡ್, ಅಂದರೆ ದೇಹದ ಮೇಲೆ ಬಲವಾದ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕ) ಬೇರ್ಪಡಿಸಿ, ಅವುಗಳಲ್ಲಿ ಒಂದಕ್ಕೆ ದೆಹಲಿಯ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರ ಹೆಸರಿನಿಂದ ಅಜ್ಮಲೀನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳಲ್ಲಿ ಇದರ ಪರಿಣಾಮವನ್ನು ಗಮನಿಸಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದ ಮೇಲೆ ಪಶ್ಚಿಮದ ವೈದ್ಯರ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಪ್ರಯೋಗಾಲಯದಲ್ಲಿ ಬೇರಿನ ಮುಖ್ಯ ಔಷಧಾಂಶವಾದ ರೆಸರ್ಪಿನ್ ಶುದ್ಧ ರೂಪದಲ್ಲಿ ದೊರಕಿತು.

ಇದರ ಮುಂದಿನ ಭಾಗ ಅಷ್ಟಾಗಿ ಜನರಿಗೆ ತಿಳಿದಿಲ್ಲ, ನನಗೆ ಬಹಳ ಮುಖ್ಯವೆನಿಸುವುದೂ ಅದೇ. ರಕ್ತದೊತ್ತಡವನ್ನು ಔಷಧದಿಂದ ಇಳಿಸಿದರೆ ಪ್ರಾಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ 1960ರ ದಶಕದವರೆಗೂ ಒಮ್ಮತದ ಉತ್ತರವಿರಲಿಲ್ಲ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೀಸ್ ಅವರ ನೇತೃತ್ವದಲ್ಲಿ ನಡೆದು 1967ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟರು. ಹುಸಿ ಮಾತ್ರೆ ಪಡೆದವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳು ಸಂಭವಿಸಿದರೆ ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಆ ಔಷಧ ಮೂರರ ಸಂಯೋಜನೆಯಾಗಿತ್ತು: ಹೈಡ್ರೋಕ್ಲೋರೋಥಯಾಜೈಡ್, ಹೈಡ್ರಲಜೀನ್, ಮತ್ತು ರೆಸರ್ಪಿನ್. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆ ಎಂದು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ ಚಿಕಿತ್ಸೆಯಲ್ಲಿ ಸರ್ಪಗಂಧದ ಪಾಲೂ ಇತ್ತು. ಪರಂಪರೆಯನ್ನು ಹಗುರವಾಗಿ ಕಾಣುವವರು ಇದನ್ನು ನೆನಪಿಡಬೇಕು.

ವಿಷಯ ಆರಂಭಿಸಿದವರು

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು. ಆದರೆ ಇದನ್ನು ಓದಿದ ಮೇಲೆ ನನ್ನ ಗೊಂದಲ ಹೆಚ್ಚಾಗಿದೆ ಎಂದೇ ಹೇಳಬೇಕು. ರೆಸರ್ಪಿನ್ ಪ್ರಾಣ ಉಳಿಸಿತು, ರೆಸರ್ಪಿನ್ ಇರುವುದು ಆ ಬೇರಿನಲ್ಲಿ, ಹಾಗಿರುವಾಗ ಬೇರನ್ನು ಸೇವಿಸಿದರೆ ಏನು ತೊಂದರೆ? ತಂದೆಯವರು ನಾಳೆ ಇದೇ ಪ್ರಶ್ನೆಯನ್ನು ನನಗೆ ಕೇಳುತ್ತಾರೆ.

ಅಧ್ಯಾಪಕರ ಉತ್ತರ

ಅತ್ಯಂತ ಸಮಂಜಸವಾದ ಪ್ರಶ್ನೆ. ಉತ್ತರದ ಮೊದಲ ಭಾಗ ಪ್ರಮಾಣಕ್ಕೆ ಸಂಬಂಧಿಸಿದ್ದು. ರೆಸರ್ಪಿನ್ನಿನ ದೈನಂದಿನ ಪ್ರಮಾಣ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದರಿಂದ ಎರಡೂವರೆ ಭಾಗ. ಬೇರಿನಲ್ಲಿರುವ ಕ್ಷಾರಾಭಗಳ ಮೊತ್ತ ಗಿಡದ ವಯಸ್ಸು, ಮಣ್ಣು, ಕಿತ್ತ ಕಾಲ, ಒಣಗಿಸಿದ ರೀತಿ ಇವುಗಳಿಂದ ಬದಲಾಗುತ್ತದೆ. ಸಾರ ಹೆಚ್ಚಾಗಿರುವುದು ಬೇರಿನ ತೊಗಟೆಯಲ್ಲಿ, ಒಳಗಿನ ಕಟ್ಟಿಗೆಯಲ್ಲಿ ಕಡಿಮೆ. ತೊಗಟೆ ಸುಲಿದುಹೋದ ಬೇರಿನ ಪುಡಿಗೂ ತೊಗಟೆಯೇ ಹೆಚ್ಚಾಗಿರುವ ಪುಡಿಗೂ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿದ್ದರೂ ದೇಹದ ಮೇಲಾಗುವ ಪರಿಣಾಮದಲ್ಲಿ ಬಹಳ ವ್ಯತ್ಯಾಸವಾಗಬಹುದು. ಇದರ ಮೇಲೆ ಕಲಬೆರಕೆಯ ಪ್ರಶ್ನೆ ಬೇರೆ: ಇದೇ ಕುಲದ ಇತರ ಪ್ರಭೇದಗಳ ಬೇರುಗಳು ಸರ್ಪಗಂಧದ ಹೆಸರಿನಲ್ಲಿ ಮಾರಾಟವಾಗುವುದು ಹಳೆಯ ಸಮಸ್ಯೆ, ಮತ್ತು ಅವುಗಳಲ್ಲಿ ರೆಸರ್ಪಿನ್ನಿನ ಪ್ರಮಾಣ ಬೇರೆಯೇ ಇರುತ್ತದೆ. ತಂದೆಯವರ ಬಳಿಯಿರುವ ಪುಡಿಯ ಒಂದು ಚಮಚದಲ್ಲಿ ಎಷ್ಟು ರೆಸರ್ಪಿನ್ ಇದೆ ಎಂಬುದನ್ನು ಅದನ್ನು ಕೊಟ್ಟವರೂ ಹೇಳಲಾರರು, ನಾನೂ ಹೇಳಲಾರೆ.

ಎರಡನೆಯ ಭಾಗ ಅದು ಕೆಲಸ ಮಾಡುವ ರೀತಿಗೆ ಸಂಬಂಧಿಸಿದ್ದು. ರಕ್ತನಾಳಗಳನ್ನು ಬಿಗಿಗೊಳಿಸುವ ಸಂದೇಶವನ್ನು ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಮೂಲಕ ತಲುಪಿಸುತ್ತವೆ. ನರತುದಿಯ ಸಣ್ಣ ಕೋಶಿಕೆಗಳಲ್ಲಿ ಅದು ಸಂಗ್ರಹವಾಗಿರುತ್ತದೆ. ರೆಸರ್ಪಿನ್ ಆ ಸಂಗ್ರಹಕ್ಕೆ ತುಂಬುವ ಬಾಗಿಲನ್ನು ಮುಚ್ಚಿಬಿಡುವುದರಿಂದ ದಾಸ್ತಾನು ಕ್ರಮೇಣ ಬರಿದಾಗಿ ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಆದರೆ ಅದೇ ಬಗೆಯ ಬಾಗಿಲು ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೀನ್ ಮತ್ತು ಸೆರೊಟೋನಿನ್‌ಗೂ ಇದೆ. ರೆಸರ್ಪಿನ್ ಅದನ್ನೂ ಮುಚ್ಚುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಕಿವಿ ಜೋಲುಬಿಟ್ಟು ಅಲುಗಾಡದೆ ಬಿದ್ದುಕೊಂಡವು. ಡೋಪಮೀನಿನ ಪೂರ್ವರೂಪವಾದ ಲಿವೋಡೋಪಾ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದ ಈ ಸಾಲಿನ ಸಂಶೋಧನೆಗೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಮೊಲಗಳಿಗೆ ಕೊಟ್ಟದ್ದು ದೊಡ್ಡ ಪ್ರಮಾಣ ನಿಜ; ಆದರೆ ಆ ದಿಕ್ಕಿನಲ್ಲಿ ಏನಾಗಬಹುದೆಂಬುದನ್ನು ಅದು ತೋರಿಸುತ್ತದೆ. ಮನುಷ್ಯರಲ್ಲಿ ಮೂಗು ಕಟ್ಟುವುದು, ಮಂಪರು, ಹೊಟ್ಟೆಯ ಹುಣ್ಣು ಕೆರಳುವುದು, ನಾಡಿ ನಿಧಾನವಾಗುವುದು, ಪ್ರಮಾಣ ಹೆಚ್ಚಾದಾಗ ಕೈನಡುಕ ಮತ್ತು ಖಿನ್ನತೆ ಕಂಡುಬಂದಿವೆ. ಖಿನ್ನತೆಯ ಇತಿಹಾಸವಿರುವವರಿಗೆ ಇದನ್ನು ಕೊಡಲೇಬಾರದು ಎಂಬುದು ಇಂದಿಗೂ ಪಾಲಿಸುವ ನಿಯಮ.

ಇದಲ್ಲದೆ ರೆಸರ್ಪಿನ್ನಿನ ಪರಿಣಾಮ ಒಂದೆರಡು ದಿನಗಳಲ್ಲಿ ಕಾಣುವುದಿಲ್ಲ, ಪೂರ್ಣವಾಗಿ ಕಾಣಲು ವಾರಗಳೇ ಬೇಕು. ನಿಲ್ಲಿಸಿದ ಮೇಲೂ ದಾಸ್ತಾನು ಮತ್ತೆ ತುಂಬುವವರೆಗೆ ಅದು ಮುಂದುವರಿಯುತ್ತದೆ. "ನಾಲ್ಕು ದಿನ ತೆಗೆದುಕೊಂಡೆ, ಏನೂ ಆಗಲಿಲ್ಲ" ಎಂದು ಪ್ರಮಾಣವನ್ನು ತಾವೇ ಹೆಚ್ಚಿಸುವವರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ. ವೈದ್ಯರು ಇಂದು ಇದನ್ನು ಅಪರೂಪಕ್ಕೆ ಮಾತ್ರ ಬರೆದುಕೊಡುವುದಕ್ಕೆ ಕಾರಣ, ಇದಕ್ಕಿಂತ ಕಡಿಮೆ ತೊಂದರೆಯೊಂದಿಗೆ ಅಷ್ಟೇ ಕೆಲಸ ಮಾಡುವ ಔಷಧಗಳು ಆನಂತರ ಬಂದಿರುವುದು.

ಆಯುರ್ವೇದ ವೈದ್ಯರೊಬ್ಬರ ಅಭಿಪ್ರಾಯ

ಅಧ್ಯಾಪಕರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನ್ನ ಆಕ್ಷೇಪವಿದೆ. ಬೇರಿನಲ್ಲಿ ಐವತ್ತಕ್ಕೂ ಹೆಚ್ಚು ಕ್ಷಾರಾಭಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಹೊರತೆಗೆದು ಅದರ ಅಡ್ಡಪರಿಣಾಮಗಳನ್ನು ಇಡೀ ಬೇರಿನ ಮೇಲೆ ಹೊರಿಸುವುದು ಪೂರ್ತಿ ನ್ಯಾಯವಲ್ಲ. ನಮ್ಮ ಪದ್ಧತಿಯಲ್ಲಿ ಸರ್ಪಗಂಧವನ್ನು ಒಂಟಿಯಾಗಿ, ಎಲ್ಲರಿಗೂ ಒಂದೇ ಪ್ರಮಾಣದಲ್ಲಿ, ವರ್ಷಗಟ್ಟಲೆ ಕೊಡುವ ರೂಢಿಯೇ ಇಲ್ಲ. ರೋಗಿಯ ಪ್ರಕೃತಿ, ಜೀರ್ಣಶಕ್ತಿ, ನಿದ್ರೆ, ಮನಸ್ಸಿನ ಸ್ಥಿತಿ ಇವುಗಳನ್ನೆಲ್ಲ ನೋಡಿ, ಬೇರೆ ದ್ರವ್ಯಗಳೊಂದಿಗೆ ಸೇರಿಸಿ, ಅವಧಿಯನ್ನು ಗೊತ್ತುಪಡಿಸಿ ಕೊಡಲಾಗುತ್ತದೆ. ಬಂಧುಗಳು ತಂದುಕೊಟ್ಟ ಪುಡಿಯನ್ನು ಚಮಚದಲ್ಲಿ ಅಳೆದು ಸೇವಿಸುವುದನ್ನು ಆಯುರ್ವೇದವೆಂದು ಕರೆಯಬಾರದು. ಅದರಿಂದ ಆಗುವ ಹಾನಿಗೆ ನಮ್ಮ ಶಾಸ್ತ್ರವನ್ನು ಹೊಣೆ ಮಾಡುವುದು ನನಗೆ ನೋವು ತರುತ್ತದೆ.

ಹೊಳೆಮತ್ತಿಯ ಬಗ್ಗೆ ಕೇಳಿದ್ದೀರಿ. ಸಂಸ್ಕೃತದಲ್ಲಿ ಅರ್ಜುನವೆಂದು ಕರೆಯುವ ಈ ಮರದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕ್ಷೀರಪಾಕವಾಗಿ ಹೃದ್ರೋಗಕ್ಕೆ ಕೊಡುವುದು ಹಳೆಯ ಪದ್ಧತಿ. ಹೃದಯದ ಸ್ನಾಯುವಿನ ದೌರ್ಬಲ್ಯ ಮತ್ತು ಎದೆನೋವಿನ ಬಗ್ಗೆ ಆಧುನಿಕ ವಿಧಾನದಲ್ಲಿ ಕೆಲವು ಚಿಕ್ಕ ಅಧ್ಯಯನಗಳು ನಡೆದು ಆಶಾದಾಯಕ ಫಲಿತಾಂಶ ನೀಡಿವೆ. ಆದರೆ ಅದು ರಕ್ತದೊತ್ತಡದ ಔಷಧವೆಂದು ನಾನು ಯಾರಿಗೂ ಹೇಳುವುದಿಲ್ಲ. ಹೃದಯಕ್ಕೆ ಹಿತವಾದದ್ದೆಲ್ಲ ಒತ್ತಡವನ್ನು ಇಳಿಸಲೇಬೇಕೆಂದಿಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ಮಾತ್ರೆ ಬಿಟ್ಟವರನ್ನು ನಾನು ನೋಡಿದ್ದೇನೆ, ಅವರನ್ನು ಮತ್ತೆ ಮಾತ್ರೆಗೆ ಮರಳಿಸಿದ್ದೇನೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಸರ್ಪಗಂಧದಲ್ಲಿ ಔಷಧವಾಗುವುದು ಬೇರು. ಬೇರು ಕಿತ್ತರೆ ಗಿಡ ಹೋಯಿತು. ಕಾಡಿನಿಂದ ವಿವೇಚನೆಯಿಲ್ಲದೆ ಕಿತ್ತದ್ದರಿಂದ ಅದು ಎಷ್ಟೋ ಕಡೆ ಅಪರೂಪವಾಗಿದೆ, ಅಂತಾರಾಷ್ಟ್ರೀಯ ವ್ಯಾಪಾರಕ್ಕೆ, ಅಪಾಯದಲ್ಲಿರುವ ಗಿಡ ಮತ್ತು ಪ್ರಾಣಿಗಳ ಮಾರಾಟವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಡಿ ನಿರ್ಬಂಧವಿದೆ. ಅಗತ್ಯವಿರುವ ರೋಗಿಗೆ ಶುದ್ಧ ಬೇರು ಸಿಗದಿರುವಾಗ ಅಗತ್ಯವಿಲ್ಲದವರು ಅದನ್ನು ದಿನನಿತ್ಯದ ಪುಡಿಯಾಗಿ ಬಳಸುವುದು ನನಗೆ ಸರಿಕಾಣುವುದಿಲ್ಲ.

ಅಧ್ಯಾಪಕರ ಉತ್ತರ

ವೈದ್ಯರ ಆಕ್ಷೇಪವನ್ನು ಗೌರವಿಸುತ್ತೇನೆ. ಇಡೀ ಬೇರು ಮತ್ತು ಶುದ್ಧ ರೆಸರ್ಪಿನ್ ಒಂದೇ ಅಲ್ಲ ಎಂಬುದು ನಿಜ. ಉದಾಹರಣೆಗೆ ಅಜ್ಮಲೀನ್ ಹೃದಯದ ಲಯದ ಮೇಲೆಯೇ ಪರಿಣಾಮ ಬೀರುತ್ತದೆ. ಆದರೆ ಬೇರೆ ಕ್ಷಾರಾಭಗಳ ಇರುವಿಕೆಯಿಂದ ರೆಸರ್ಪಿನ್ನಿನ ಅಪಾಯ ತಾನಾಗಿ ತಗ್ಗುತ್ತದೆ ಎಂದು ಭಾವಿಸಲು ಆಧಾರ ಬೇಕು. ಬೇರೆ ಕ್ಷಾರಾಭಗಳು ತಮ್ಮದೇ ಅಪಾಯವನ್ನು ಸೇರಿಸುವ ಸಾಧ್ಯತೆಯೂ ಅಷ್ಟೇ ಇದೆ. ಪ್ರಮಾಣ ನಿಶ್ಚಯವಾಗಬೇಕು, ನುರಿತವರ ಕಣ್ಣಳತೆಯಲ್ಲಿ ಚಿಕಿತ್ಸೆ ನಡೆಯಬೇಕು ಎಂಬಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ.

ಇನ್ನೊಬ್ಬ ಓದುಗರು

ಬೆಳ್ಳುಳ್ಳಿಯ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಓದಿ ತಿಳಿದದ್ದನ್ನು ಹಂಚಿಕೊಳ್ಳುತ್ತೇನೆ. ಬೆಳ್ಳುಳ್ಳಿಯ ಎಸಳನ್ನು ಜಜ್ಜಿದಾಗ ಅಥವಾ ಹೆಚ್ಚಿದಾಗ ಅದರೊಳಗಿನ ಕಿಣ್ವವೊಂದು ಕೆಲಸ ಮಾಡಿ ಅಲಿಸಿನ್ ಎಂಬ ಗಂಧಕಯುಕ್ತ ಸಂಯುಕ್ತ ಉಂಟಾಗುತ್ತದೆ. ಆ ತೀಕ್ಷ್ಣವಾದ ವಾಸನೆ ಅದರದ್ದೇ. ಇಡೀ ಎಸಳನ್ನು ಹಾಗೆಯೇ ಬೇಯಿಸಿದರೆ ಕಿಣ್ವ ನಾಶವಾಗಿ ಅಲಿಸಿನ್ ಹೆಚ್ಚಾಗಿ ಉಂಟಾಗುವುದಿಲ್ಲ. ಅಧಿಕ ರಕ್ತದೊತ್ತಡವಿರುವವರಲ್ಲಿ ಬೆಳ್ಳುಳ್ಳಿಯ ಸಿದ್ಧಸಾರಗಳನ್ನು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ 5ರಿಂದ 8ರಷ್ಟು ಇಳಿದದ್ದು ಕಂಡುಬಂದಿದೆ. ಇದು ಕಡೆಗಣಿಸುವಂಥದ್ದಲ್ಲ. ಆದರೆ ಹೃದಯಾಘಾತ, ಲಕ್ವ ಅಥವಾ ಸಾವನ್ನು ಅದು ತಪ್ಪಿಸುತ್ತದೆ ಎಂದು ತೋರಿಸಿದ ಅಧ್ಯಯನವಿಲ್ಲ. ಮಾತ್ರೆಗಳ ವಿಷಯದಲ್ಲಿ ಆ ಸಾಕ್ಷ್ಯವಿದೆ.

ಕೆಂಪು ಪುಂಡಿಯ ಹೂವಿನ ಬುಡದಲ್ಲಿರುವ ಕೆಂಪು ಪುಷ್ಪಪಾತ್ರೆಗಳ ಕಷಾಯಕ್ಕೂ ಸ್ವಲ್ಪ ಮಟ್ಟಿನ ಸಾಕ್ಷ್ಯವಿದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡ ತುಸು ಏರಿದ್ದರೂ ಮಾತ್ರೆ ತೆಗೆದುಕೊಳ್ಳದಿದ್ದ 65 ಮಂದಿಯಲ್ಲಿ ಕೆಲವರು ದಿನಕ್ಕೆ ಮೂರು ಲೋಟದಂತೆ ಆರು ವಾರ ಈ ಕಷಾಯ ಕುಡಿದಾಗ ಮೇಲಿನ ಅಂಕಿ ಸರಾಸರಿ 7.2ರಷ್ಟು ಇಳಿಯಿತು, ಅದೇ ರುಚಿಬಣ್ಣದ ಹುಸಿ ಪಾನೀಯ ಕುಡಿದವರಲ್ಲಿ 1.3ರಷ್ಟು. ಇದು ದಾಸವಾಳದ ಕುಲದ ಗಿಡವೇ ಆದರೂ ಅಂಗಳದಲ್ಲಿ ಅಲಂಕಾರಕ್ಕೆ ಬೆಳೆಸುವ ದಾಸವಾಳ ಬೇರೆ ಪ್ರಭೇದ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ನುಗ್ಗೆಸೊಪ್ಪಿನ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಹೆಚ್ಚಿನವು ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿದವು.

ಶುಶ್ರೂಷಕಿಯೊಬ್ಬರು

ದಿನವೂ ಹತ್ತಾರು ಜನರ ರಕ್ತದೊತ್ತಡ ಅಳೆಯುವವಳಾಗಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಯಾವ ಬೇರು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬ ತೀರ್ಮಾನವೆಲ್ಲ ಕೊನೆಗೆ ಅಳತೆಯ ಮೇಲೆಯೇ ನಿಲ್ಲುತ್ತದೆ, ಮತ್ತು ಬಹಳಷ್ಟು ಅಳತೆಗಳು ಸರಿಯಾಗಿರುವುದಿಲ್ಲ. ಮೆಟ್ಟಿಲು ಹತ್ತಿ ಬಂದವರು ಏದುಸಿರು ಇಳಿಯುವ ಮುಂಚೆಯೇ ತೋಳು ಚಾಚುತ್ತಾರೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಏರುತ್ತದೆ. ತೋಳು ಆಸರೆಯಿಲ್ಲದೆ ಜೋತಾಡಿದರೆ, ಕಾಲ ಮೇಲೆ ಕಾಲು ಹಾಕಿ ಕುಳಿತರೆ, ಮೂತ್ರ ತಡೆದುಕೊಂಡಿದ್ದರೆ, ನಡುವೆ ಮಾತನಾಡುತ್ತಿದ್ದರೆ ಕೂಡ ಏರುತ್ತದೆ. ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಒಂದೆರಡು ನಿಮಿಷಗಳ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳಬೇಕು. ಮನೆಯಲ್ಲಿ ಹೀಗೆ ಅಳೆದಾಗ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. ಚಿಕಿತ್ಸಾಲಯದಲ್ಲಿ ಆ ಗಡಿ ಸಾಮಾನ್ಯವಾಗಿ 140/90.

ಮೊದಲ ಸಲ ಅಂಕಿ ಬಹಳ ಹೆಚ್ಚಾಗಿ ಕಂಡವರಲ್ಲಿ ಎರಡನೆಯ ಮೂರನೆಯ ಸಲಕ್ಕೆ ಅದು ಏನೂ ಮಾಡದೆಯೇ ಸ್ವಲ್ಪ ಇಳಿದಿರುತ್ತದೆ. ಆ ನಡುವಿನ ದಿನಗಳಲ್ಲಿ ಏನನ್ನು ಸೇವಿಸಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ತಂದೆಯವರ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅಮ್ಲೋಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧ. ಅದರ ಅರ್ಧಭಾಗ ಹೊರಹೋಗಲು 30ರಿಂದ 50 ಗಂಟೆ ಬೇಕು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಮಾತ್ರೆ ಬಿಟ್ಟು ಪುಡಿ ಶುರುಮಾಡಿದರೆ ಮೊದಲ ಕೆಲವು ದಿನ ಒತ್ತಡ ಚೆನ್ನಾಗಿಯೇ ಇರುತ್ತದೆ. ಅದು ಹಳೆಯ ಮಾತ್ರೆಯ ಉಳಿಕೆಯ ಫಲ, ಮನೆಯವರಿಗೆ ಮಾತ್ರ ಪುಡಿ ಫಲಿಸಿತೆಂಬ ಭರವಸೆ ಬಂದುಬಿಡುತ್ತದೆ. ಆಮೇಲೆ ಅಳೆಯುವುದನ್ನೇ ನಿಲ್ಲಿಸುತ್ತಾರೆ. ಒತ್ತಡ ಮತ್ತೆ ಏರಿದಾಗ ತಲೆನೋವೋ ತಲೆಸುತ್ತೋ ಬಂದು ಎಚ್ಚರಿಸುತ್ತದೆ ಎಂದು ನಂಬುವುದು ತಪ್ಪು. ಬಹುಪಾಲು ಜನರಿಗೆ ಯಾವ ಸೂಚನೆಯೂ ಇರುವುದಿಲ್ಲ. ಲಕ್ವ ಹೊಡೆದ ಮೇಲೆ ಬಂದವರನ್ನು ವಿಚಾರಿಸಿದಾಗ "ಚೆನ್ನಾಗಿಯೇ ಇದ್ದರು, ಅದಕ್ಕೇ ಮಾತ್ರೆ ಬಿಟ್ಟಿದ್ದರು" ಎಂಬ ಉತ್ತರವನ್ನು ಮನೆಯವರಿಂದ ಕೇಳಿ ಕೇಳಿ ನನಗೆ ಸಂಕಟವಾಗಿದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಮುಂತಾದವುಗಳನ್ನು ಥಟ್ಟನೆ ನಿಲ್ಲಿಸಿದರಂತೂ ಒತ್ತಡವೋ ಹೃದಯದ ಬಡಿತವೋ ಮೊದಲಿಗಿಂತ ಜೋರಾಗಿ ಪುಟಿದೇಳಬಹುದು.

ಹರಡಿನ ಊತ ಅಮ್ಲೋಡಿಪಿನ್ನಿನ ಬಹಳ ಪರಿಚಿತ ಅಡ್ಡಪರಿಣಾಮ. ಸಣ್ಣ ಅಪಧಮನಿಗಳು ಹಿಗ್ಗಿ ಲೋಮನಾಳಗಳಿಂದ ನೀರಿನಂಶ ಹೊರಜಿನುಗುವುದರಿಂದ ಅದು ಬರುತ್ತದೆ, ಪ್ರಮಾಣ ಹೆಚ್ಚಿದ್ದಷ್ಟೂ ಹೆಚ್ಚು. ವೈದ್ಯರು ಪ್ರಮಾಣ ತಗ್ಗಿಸಬಹುದು, ಬೇರೆ ಗುಂಪಿನ ಔಷಧಕ್ಕೆ ಬದಲಿಸಬಹುದು. ಊತಕ್ಕೆ ಹೃದಯ ಅಥವಾ ಮೂತ್ರಪಿಂಡದ ತೊಂದರೆ ಕಾರಣವಲ್ಲ ಎಂದೂ ಅವರು ಖಚಿತಪಡಿಸಿಕೊಳ್ಳುತ್ತಾರೆ. ಮಾತ್ರೆಯನ್ನೇ ಬಿಡುವ ಮುಂಚೆ ಈ ದಾರಿಯನ್ನು ನೋಡಿ.

ಮತ್ತೊಬ್ಬ ಓದುಗರು

ಇಳಿಸುವ ಗಿಡಗಳ ಬಗ್ಗೆಯೇ ಮಾತು ನಡೆದಿದೆ. ಏರಿಸುವ ಗಿಡದ ಬಗ್ಗೆ ನಾನು ಬರೆಯುತ್ತೇನೆ. ನನ್ನ ತಾಯಿಯವರ ಒತ್ತಡ ವರ್ಷಗಳ ಕಾಲ ಒಂದೇ ಮಟ್ಟದಲ್ಲಿದ್ದದ್ದು ಇದ್ದಕ್ಕಿದ್ದಂತೆ ಏರತೊಡಗಿತು. ಮಾತ್ರೆ ಹೆಚ್ಚಿಸಿದರೂ ಇಳಿಯಲಿಲ್ಲ. ಕಾಲಿನ ಮೀನಖಂಡಗಳಲ್ಲಿ ಸೆಳೆತ, ವಿಪರೀತ ಸುಸ್ತು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ ಎಂದು ಬಂದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕೆಮ್ಮಿಗೋ ಹೊಟ್ಟೆಯುರಿಗೋ ಏನಾದರೂ ಮೂಲಿಕೆಯ ಪುಡಿ ಸೇವಿಸುತ್ತಿದ್ದೀರಾ?" ಎಂದು. ಗಂಟಲು ಕೆರೆತಕ್ಕೆಂದು ಅವರು ದಿನಕ್ಕೆ ಮೂರು ನಾಲ್ಕು ಸಲ ನೆಕ್ಕುತ್ತಿದ್ದ ಚೂರ್ಣದಲ್ಲಿ ಮುಖ್ಯ ದ್ರವ್ಯ ಯಷ್ಟಿಮಧು, ಅಂದರೆ ಅತಿಮಧುರವೇ ಆಗಿತ್ತು. ಅದನ್ನು ನಿಲ್ಲಿಸಿ ಪೊಟ್ಯಾಸಿಯಂ ಕೊಟ್ಟ ಮೇಲೆ ಕೆಲವು ವಾರಗಳಲ್ಲಿ ಒತ್ತಡ ಹಳೆಯ ಮಟ್ಟಕ್ಕೆ ಬಂತು. ಈ ಬೇರು ಒತ್ತಡವನ್ನು ಏರಿಸುವುದು ಹೇಗೆ ಎಂದು ಅಧ್ಯಾಪಕರು ತಿಳಿಸಿದರೆ ಇತರರಿಗೂ ಉಪಯೋಗವಾಗುತ್ತದೆ.

ಅಧ್ಯಾಪಕರ ಉತ್ತರ

ತಮ್ಮ ತಾಯಿಯವರನ್ನು ನೋಡಿದ ವೈದ್ಯರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಮ್ಮ ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಹಾರ್ಮೋನು ಆಲ್ಡೊಸ್ಟೆರೋನ್. ಅದು ಕೆಲಸ ಮಾಡುವ ಗ್ರಾಹಿಗೆ (ಜೀವಕೋಶದಲ್ಲಿ ಹಾರ್ಮೋನು ಅಂಟುವ ಜಾಗ) ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಕೂಡ ಅಂಟಿಕೊಳ್ಳಬಲ್ಲದು, ಮತ್ತು ರಕ್ತದಲ್ಲಿ ಕಾರ್ಟಿಸಾಲಿನ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು. ಹಾಗಾಗದಂತೆ ಮೂತ್ರಪಿಂಡದಲ್ಲಿ ಒಂದು ಕಿಣ್ವ ಕಾರ್ಟಿಸಾಲನ್ನು ಅಲ್ಲಲ್ಲಿಯೇ ನಿಷ್ಕ್ರಿಯಗೊಳಿಸುತ್ತಿರುತ್ತದೆ. ಅತಿಮಧುರದಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ರೂಪಾಂತರಗೊಂಡು ಆ ಕಿಣ್ವವನ್ನೇ ತಡೆಯುತ್ತದೆ. ಕಾವಲು ತಪ್ಪಿದೊಡನೆ ಕಾರ್ಟಿಸಾಲ್ ಗ್ರಾಹಿಯನ್ನು ಆಕ್ರಮಿಸಿ, ಉಪ್ಪು ಮತ್ತು ನೀರು ದೇಹದಲ್ಲಿ ಉಳಿದು, ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿ, ಒತ್ತಡ ಏರುತ್ತದೆ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ, ಆದರೆ ಅಷ್ಟರಲ್ಲಿಯೂ ಕೆಲವರಲ್ಲಿ ಒತ್ತಡ ಏರಿದ್ದು ಕಂಡಿದೆ. ರಕ್ತದೊತ್ತಡವಿರುವವರು ಯಾವುದೇ ಚೂರ್ಣ, ಲೇಹ್ಯ ಅಥವಾ ಕಷಾಯದ ಪೊಟ್ಟಣದ ಮೇಲೆ ಯಷ್ಟಿಮಧು, ಜ್ಯೇಷ್ಠಮಧು, ಅತಿಮಧುರ ಈ ಮೂರರಲ್ಲಿ ಯಾವ ಹೆಸರಿದ್ದರೂ ಒಂದೇ ಎಂದು ತಿಳಿದು ದೂರವಿಡಬೇಕು.

ಮಾತ್ರೆಯೊಂದಿಗೆ ಸಸ್ಯಗಳ ಒಡನಾಟವೂ ಇದೇ ಸಾಲಿಗೆ ಸೇರುತ್ತದೆ. ಗ್ರೇಪ್‌ಫ್ರೂಟ್ ರಸ ಕರುಳಿನ ಒಂದು ಕಿಣ್ವವನ್ನು ಕೆಡಿಸಿ ಫೆಲೊಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಅಂಶವನ್ನು ರಕ್ತದಲ್ಲಿ ಹಲವು ಪಟ್ಟು ಏರಿಸುತ್ತದೆ ಎಂಬುದು ಕೆನಡಾದಲ್ಲಿ ಆಕಸ್ಮಿಕವಾಗಿ ಗೊತ್ತಾಯಿತು. ಪ್ರಯೋಗವೊಂದರಲ್ಲಿ ಮದ್ಯಸಾರದ ರುಚಿಯನ್ನು ಮರೆಮಾಚಲು ಆ ರಸವನ್ನು ಬಳಸಿದ್ದರು. ಅದೇ ಜಾತಿಯ ಚಕ್ಕೋತದಲ್ಲೂ ಅಂಥ ಅಂಶಗಳಿವೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಸಂಗ್ರಹವಾಗುವ ಪ್ರವೃತ್ತಿಯಿರುವುದರಿಂದ, ವಿಶೇಷವಾಗಿ ಮೂತ್ರಪಿಂಡ ದುರ್ಬಲವಾಗಿದ್ದರೆ, ಪೊಟ್ಯಾಸಿಯಂ ಹೇರಳವಾಗಿರುವ ಮೂಲಿಕೆಯ ರಸಗಳನ್ನು ಕೇಳದೆ ಸೇರಿಸಬಾರದು.

ಶುದ್ಧತೆಯ ಬಗ್ಗೆಯೂ ಒಂದು ಮಾತು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಹೆಸರಿನ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ (ಆರ್ಸೆನಿಕ್) ದೊರಕಿತು. ಸೀಸ ತಾನೇ ರಕ್ತದೊತ್ತಡವನ್ನು ಏರಿಸುವ ವಿಷ.

ವಿಷಯ ಆರಂಭಿಸಿದವರು

ಇಲ್ಲಿ ಬಂದ ಉತ್ತರಗಳನ್ನು ತಂದೆಯವರಿಗೆ ಓದಿಹೇಳಿದೆ. ಸೈನಿಕರ ಅಧ್ಯಯನದ ಭಾಗವನ್ನು ಎರಡು ಸಲ ಓದಿಸಿಕೊಂಡರು. ತಾವು ನಂಬಿದ ಬೇರು ನಿಜವಾಗಿ ಕೆಲಸ ಮಾಡಿದೆ ಎಂದು ಕೇಳಿದ ಮೇಲೆಯೇ ಅದರ ಅಪಾಯದ ಮಾತಿಗೆ ಕಿವಿಗೊಟ್ಟರು. ವೈದ್ಯರು ಮೂತ್ರಪಿಂಡ ಮತ್ತು ಹೃದಯದ ಪರೀಕ್ಷೆ ಮಾಡಿಸಿ, ಅಮ್ಲೋಡಿಪಿನ್ ಅರ್ಧಕ್ಕೆ ಇಳಿಸಿ, ಕಡಿಮೆ ಪ್ರಮಾಣದಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಯಾದ ಕ್ಲೋರ್‌ಥಾಲಿಡೋನ್ ಸೇರಿಸಿದ್ದಾರೆ. ಊತ ತಗ್ಗುತ್ತಿದೆ. ಪುಡಿಯನ್ನು ಮುಟ್ಟಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಸದ್ಯದಲ್ಲೇ ಅವರಿಗೆ ಅಂಡವಾಯುವಿನ ಶಸ್ತ್ರಚಿಕಿತ್ಸೆಯಿದೆ. ಅವರು ದಿನವೂ ಬೆಳ್ಳುಳ್ಳಿಯ ಸಾರದ ಗುಳಿಗೆಯನ್ನು ಸೇವಿಸುತ್ತಾರೆ. ಅದನ್ನು ಮುಂದುವರಿಸಬಹುದೇ?

ಅಧ್ಯಾಪಕರ ಉತ್ತರ

ಶಸ್ತ್ರವೈದ್ಯರಿಗೂ ಅರಿವಳಿಕೆ ತಜ್ಞರಿಗೂ ಇದನ್ನು ಈಗಲೇ ತಿಳಿಸಿ. ಬೆಳ್ಳುಳ್ಳಿಯ ಸಾರ ರಕ್ತದ ಕಿರುಬಿಲ್ಲೆಗಳು (ಪ್ಲೇಟ್ಲೆಟ್) ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುವುದರಿಂದ ರಕ್ತಸ್ರಾವ ಹೆಚ್ಚಾಗಬಹುದು. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಒಂದು ವಾರ ಮುಂಚೆಯೇ ನಿಲ್ಲಿಸಲು ಹೇಳುತ್ತಾರೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ಜೊತೆಗಿದ್ದರೆ ಈ ಎಚ್ಚರ ಇನ್ನೂ ಮುಖ್ಯ. ರಕ್ತದೊತ್ತಡದ ಮಾತ್ರೆಗಳಲ್ಲಿ ಯಾವುದನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅರಿವಳಿಕೆ ತಜ್ಞರೇ ನಿರ್ಧರಿಸಲಿ. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಯನ್ನು ಹಿಂದಿನ ದಿನವೇ ನಿಲ್ಲಿಸುವ ಪದ್ಧತಿ ಹಲವೆಡೆ ಇದೆ. ಸರ್ಪಗಂಧದ ಪುಡಿಯನ್ನು ಸ್ವಲ್ಪ ದಿನವಾದರೂ ಸೇವಿಸಿದ್ದರೆ, ನಿಲ್ಲಿಸಿ ಒಂದೆರಡು ವಾರ ಕಳೆದಿದ್ದರೂ ಅದನ್ನೂ ಹೇಳಬೇಕು. ನರತುದಿಯ ದಾಸ್ತಾನು ಪೂರ್ತಿ ತುಂಬಿರದಿದ್ದರೆ, ಅರಿವಳಿಕೆಯ ನಡುವೆ ಒತ್ತಡ ಕುಸಿದಾಗ ಎತ್ತಲು ಕೊಡುವ ಎಫೆಡ್ರಿನ್ ತಕ್ಕಷ್ಟು ಕೆಲಸ ಮಾಡದೇ ಇರಬಹುದು, ಆಗ ಅವರು ಬೇರೆ ಔಷಧವನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ.